ಖಾಸಗಿ ಗಾಲ್ಫ್ ಕ್ಲಬ್ಬಿಗೆ ಅತಿಥಿಯಾಗಿ ಹೋಗುವಾಗ: ನನ್ನ ಉಡುಪು, ನಡವಳಿಕೆ, ಮತ್ತು ತಂದೆಯವರ ಪಂಚೆ

ಹೇಮಾವತಿ ದಂಡೆಯವನು (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಸಣ್ಣ ಮಟ್ಟದಲ್ಲಿ ಕಟ್ಟಡ ಗುತ್ತಿಗೆ ಮಾಡಿಕೊಂಡಿರುವ ಸಿವಿಲ್ ಎಂಜಿನಿಯರ್. ಕೆಲಸ ಕಲಿತದ್ದು ಹಿರಿಯ ವಾಸ್ತುಶಿಲ್ಪಿಯೊಬ್ಬರ ಕೈಕೆಳಗೆ. ಅವರು ಇಲ್ಲಿನ ಖಾಸಗಿ ಗಾಲ್ಫ್ ಕ್ಲಬ್ಬೊಂದರ ಹಳೆಯ ಸದಸ್ಯರು. ಬರುವ ಶನಿವಾರ ಬೆಳಗ್ಗೆ 6.40ಕ್ಕೆ ತಮ್ಮೊಡನೆ ಆಡಲು ಬರಬೇಕೆಂದು ಕರೆದಿದ್ದಾರೆ. ಆರು ತಿಂಗಳಿನಿಂದ ಡ್ರೈವಿಂಗ್ ರೇಂಜ್ ಎಂಬ ಅಭ್ಯಾಸದ ಜಾಗದಲ್ಲಿ ಬುಟ್ಟಿಗಟ್ಟಲೆ ಚೆಂಡು ಹೊಡೆದಿದ್ದೇನೆಯೇ ಹೊರತು ಕೋರ್ಸಿನ, ಅಂದರೆ ಆಟದ ಬಯಲಿನ ಮೇಲೆ ಇದುವರೆಗೆ ಕಾಲಿಟ್ಟವನಲ್ಲ.

ನನ್ನ ಚಿಂತೆ ಎರಡು ಬಗೆಯದು. ಮೊದಲನೆಯದು, ನಾನು ಏನು ತೊಡಬೇಕು, ಎಲ್ಲಿ ನಿಲ್ಲಬೇಕು, ಯಾವಾಗ ಸುಮ್ಮನಿರಬೇಕು ಎಂಬುದು. ಎರಡನೆಯದು ಸ್ವಲ್ಪ ಸೂಕ್ಷ್ಮವಾದ ವಿಷಯ. ಊರಿನಿಂದ ನಮ್ಮ ತಂದೆಯವರು ಬಂದಿದ್ದಾರೆಂದು ತಿಳಿದು, "ಅವರನ್ನೂ ಕರೆದುಕೊಂಡು ಬಾ, ಸ್ವಲ್ಪ ದೂರ ನಮ್ಮ ಜೊತೆ ನಡೆಯಲಿ, ಆಮೇಲೆ ಒಟ್ಟಿಗೆ ತಿಂಡಿ ತಿನ್ನೋಣ" ಎಂದು ಅವರು ಹೇಳಿದ್ದಾರೆ. ತಂದೆಯವರಿಗೆ 74 ವರ್ಷ, ಅರಕಲಗೂಡು ಕಡೆಯ ಕೃಷಿಕರು. ಬಿಳಿ ಪಂಚೆ, ತುಂಬುತೋಳಿನ ಅಂಗಿ, ಹೆಗಲ ಮೇಲೊಂದು ಟವೆಲ್, ಕಾಲಿಗೆ ಚರ್ಮದ ಚಪ್ಪಲಿ. ಮದುವೆಮನೆಯಾದರೂ ತಾಲ್ಲೂಕು ಕಚೇರಿಯಾದರೂ ಅವರ ಉಡುಪು ಇಷ್ಟೇ. ಪ್ಯಾಂಟು ಹಾಕಿಕೊಳ್ಳಿ ಎಂದು ನಾನು ಅವರಿಗೆ ಹೇಳಲಾರೆ, ಹೇಳುವುದೂ ಇಲ್ಲ. ಹಾಗೆಂದು ಗೇಟಿನಲ್ಲಿ ಯಾರಾದರೂ ಅವರನ್ನು ತಡೆದು ನಿಲ್ಲಿಸಿದರೆ ಆ ದೃಶ್ಯವನ್ನು ನಾನು ಮರೆಯಲಾರೆ. ಇಂಥ ಕ್ಲಬ್ಬುಗಳ ಒಳಹೊರಗು ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಹೈಗ್ರೌಂಡ್ಸ್ ವಾಸಿ (ಸೋಮವಾರ ರಾತ್ರಿ)

ಇಪ್ಪತ್ತು ವರ್ಷಗಳಿಂದ ಒಂದು ಕ್ಲಬ್ಬಿನ ಸದಸ್ಯನಾಗಿರುವ ಅನುಭವದಿಂದ ಬರೆಯುತ್ತಿದ್ದೇನೆ. ನಿಯಮಗಳು ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆಯಾಗಿರುವುದರಿಂದ ನನ್ನ ಮಾತನ್ನು ಸಾಮಾನ್ಯ ರೂಢಿಯೆಂದು ಓದಿಕೊಳ್ಳಿ.

ಕೋರ್ಸಿನ ಮೇಲೆ ಗಂಡಸರಿಗೆ ಕಾಲರ್ ಇರುವ ಟೀ ಶರ್ಟ್ ಬೇಕು, ಅದನ್ನು ಪ್ಯಾಂಟಿನೊಳಗೆ ಸೇರಿಸಿ ಇನ್‌ಶರ್ಟ್ ಮಾಡಿರಬೇಕು. ದುಂಡು ಕುತ್ತಿಗೆಯ ಟೀ ಶರ್ಟ್, ಜೀನ್ಸ್, ಟ್ರ್ಯಾಕ್ ಪ್ಯಾಂಟು, ಫುಟ್‌ಬಾಲ್ ಆಡುವವರ ಚಡ್ಡಿ ಇವು ನಡೆಯುವುದಿಲ್ಲ. ಮಂಡಿಯವರೆಗೆ ಬರುವ, ದರ್ಜಿ ಹೊಲಿದಂತೆ ಅಚ್ಚುಕಟ್ಟಾಗಿರುವ ಶಾರ್ಟ್ಸ್ ಅನ್ನು ಬಹುತೇಕ ಕಡೆ ಒಪ್ಪುತ್ತಾರೆ. ಹೊಸಬರಾದ ನೀವು ಹತ್ತಿಬಟ್ಟೆಯ ಸಾದಾ ಪ್ಯಾಂಟು ತೊಟ್ಟುಬಿಡಿ, ಯಾರೂ ಎರಡನೆಯ ಸಲ ನೋಡುವುದಿಲ್ಲ. ಬೂಟಿನ ಅಡಿಯಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಮುಳ್ಳುಗಳಿರಬೇಕು. ಲೋಹದ ಮುಳ್ಳುಗಳು ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗಗಳಾದ ಗ್ರೀನ್‌ಗಳನ್ನು ಹಾಳುಮಾಡುವುದರಿಂದ ಹೆಚ್ಚಿನ ಕ್ಲಬ್ಬುಗಳು ಅವನ್ನು ನಿಷೇಧಿಸಿವೆ. ಬೂಟನ್ನು ಕಾರಿನ ಡಿಕ್ಕಿಯ ಮೇಲೆ ಕುಳಿತು ಬದಲಾಯಿಸದೆ ಲಾಕರ್ ಕೋಣೆಯಲ್ಲಿ ಬದಲಾಯಿಸುವುದು ಹಳೆಯ ಪದ್ಧತಿ. ಇದಕ್ಕೆ ಕಾರಣ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ, ಆದರೆ ಹಿರಿಯ ಸದಸ್ಯರು ಇದನ್ನು ಗಮನಿಸುತ್ತಾರೆ. ಕ್ಲಬ್‌ಹೌಸಿನ ಒಳಗೆ ಕಾಲಿಡುವಾಗ ಟೋಪಿ ತೆಗೆಯಿರಿ, ಫೋನಿನ ಸದ್ದು ಅಡಗಿಸಿ, ಮಾತನಾಡಲೇಬೇಕಿದ್ದರೆ ಹೊರಗೆ ಹೋಗಿ ಮಾತನಾಡಿ. ಒಳಗೆ ಫೋಟೋ ತೆಗೆಯುವ ಮೊದಲು ಕೇಳಿಕೊಳ್ಳಿ.

ಇವೆಲ್ಲಕ್ಕಿಂತ ಮುಖ್ಯವಾದುದು, ಅತಿಥಿ ಮಾಡಿದ ತಪ್ಪಿಗೆ ಉತ್ತರ ಹೇಳಬೇಕಾದವರು ಕರೆದ ಸದಸ್ಯರು ಎಂಬುದು. ನಿಮ್ಮ ಬಟ್ಟೆ ಸರಿಯಿಲ್ಲದಿದ್ದರೆ ನೋಟಿಸು ಬರುವುದು ಅವರ ಹೆಸರಿಗೆ. ಆದ್ದರಿಂದ ತಂದೆಯವರ ಪಂಚೆಯ ವಿಷಯವನ್ನು ಇಲ್ಲಿ ನಮ್ಮನ್ನು ಕೇಳುವುದಕ್ಕಿಂತ ಅವರನ್ನೇ ನೇರವಾಗಿ ಕೇಳುವುದು ಒಳ್ಳೆಯದು. ನಮ್ಮ ಕ್ಲಬ್ಬಿನಲ್ಲಂತೂ ಕುರ್ತಾ ಪೈಜಾಮಕ್ಕೆ ಅವಕಾಶವಿದೆ, ಪಂಚೆಯ ಪ್ರಸ್ತಾಪವೇ ಇಲ್ಲ. ಬರೆದಿಲ್ಲವೆಂದರೆ ಇಲ್ಲವೆಂದೇ ಅರ್ಥ ಮಾಡಿಕೊಳ್ಳುತ್ತೇವೆ.

ಚೀಲ ಹೊತ್ತವನು (ಮಂಗಳವಾರ ಬೆಳಗ್ಗೆ)

ನಾನು ಹನ್ನೆರಡು ವರ್ಷ ಆಟಗಾರರ ಚೀಲ ಹೊತ್ತು ಜೊತೆಗೆ ನಡೆಯುವ ಕ್ಯಾಡಿಯಾಗಿದ್ದವನು, ಈಗ ಬೇರೆ ಕೆಲಸದಲ್ಲಿದ್ದೇನೆ. ಬಟ್ಟೆಯ ವಿಷಯ ಮೇಲಿನವರು ಹೇಳಿದ್ದಾರೆ. ಬಟ್ಟೆ ತಪ್ಪಾದರೆ ಗೇಟಿನಲ್ಲೋ, ಆಟ ಶುರುವಾಗುವ ಮೊದಲ ಟೀ ಎಂಬ ಜಾಗದಲ್ಲೋ ಯಾರಾದರೂ ಹೇಳುತ್ತಾರೆ, ಅಲ್ಲಿಗೆ ಮುಗಿಯಿತು. ಕೋರ್ಸಿನ ಮೇಲೆ ನಡವಳಿಕೆ ತಪ್ಪಾದರೆ ಯಾರೂ ಹೇಳುವುದಿಲ್ಲ. ಎರಡನೆಯ ಸಲ ಕರೆಯದೆ ಸುಮ್ಮನಾಗುತ್ತಾರೆ. ಅದಕ್ಕಾಗಿ ಇದನ್ನು ಕೊಂಚ ವಿವರವಾಗಿ ಬರೆಯುತ್ತೇನೆ.

ಮೊದಲು ನಿಲ್ಲುವ ಜಾಗ. ಹೊಡೆಯುವವರ ಮುಂದೆ ಎಂದಿಗೂ ನಿಲ್ಲಬಾರದು. ಒಳ್ಳೆಯ ಆಟಗಾರ ಹೊಡೆದ ಚೆಂಡು ಗಂಟೆಗೆ 200 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಹೊರಡುತ್ತದೆ. ತೂಕ 46 ಗ್ರಾಮಿಗೂ ತುಸು ಕಡಿಮೆಯಾದರೂ ತಲೆಗೆ ಬಿದ್ದರೆ ಪ್ರಾಣಕ್ಕೇ ಕುತ್ತು. ಚೆಂಡಿನ ನೇರ ಹಿಂದೆ, ಗುರಿಯ ಗೆರೆಯ ಮೇಲೆ ನಿಂತರೂ ಆಡುವವರ ಕಣ್ಣಂಚಿಗೆ ಅಡ್ಡಿಯಾಗುತ್ತದೆ. ಅವರ ಎದೆ ಯಾವ ಕಡೆಗಿದೆಯೋ ಆ ಕಡೆ, ನಾಲ್ಕೈದು ಹೆಜ್ಜೆ ದೂರದಲ್ಲಿ, ಅವರಿಗೆ ಕಾಣುವಂತೆ ನಿಂತು ಅಲುಗಾಡದಿರಿ. ಅವರು ಕೋಲನ್ನು ಹಿಂದಕ್ಕೆ ಎತ್ತಿದ ಗಳಿಗೆಯಿಂದ ಚೆಂಡು ಹೊರಡುವವರೆಗೆ ಕೈಗವಸಿನ ಪಟ್ಟಿ ಬಿಚ್ಚಿದ ಸದ್ದೂ ಕೇಳಬಾರದು. ನಿಮ್ಮ ಚೆಂಡು ಬೇರೆಯವರ ಕಡೆಗೆ ಹಾರಿದರೆ ಮಾತ್ರ ಸಂಕೋಚ ಬಿಟ್ಟು "ಫೋರ್" ಎಂದು ಗಂಟಲು ಹರಿಯುವಂತೆ ಕೂಗಬೇಕು. ಹೊಸಬರು ನಾಚಿಕೆಯಿಂದ ಕೂಗದೆ ಉಳಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇಡೀ ಆಟದಲ್ಲಿ ಅದಕ್ಕಿಂತ ದೊಡ್ಡ ಅಸಭ್ಯತೆ ಇನ್ನೊಂದಿಲ್ಲ.

ಎರಡನೆಯದು ನೆಲ. ಐರನ್ ಎಂಬ ಲೋಹದ ತಲೆಯ ಕೋಲಿನಿಂದ ಹೊಡೆದಾಗ ಹುಲ್ಲಿನ ಹೆಪ್ಪೊಂದು ಕಿತ್ತು ಹಾರುತ್ತದೆ, ಅದಕ್ಕೆ ಡಿವಟ್ ಎನ್ನುತ್ತಾರೆ. ನಮ್ಮ ಕಡೆಯ ಬರ್ಮುಡಾ ಹುಲ್ಲು ಬಳ್ಳಿಯಂತೆ ಹಬ್ಬುವುದರಿಂದ ಆ ಗಾಯಕ್ಕೆ ಮರಳು ತುಂಬಿ ಕಾಲಿನಿಂದ ಒತ್ತಿದರೆ ಸಾಕು, ಪಕ್ಕದ ಹುಲ್ಲು ತಾನೇ ಹಬ್ಬಿಕೊಳ್ಳುತ್ತದೆ. ಕ್ಯಾಡಿಯ ಬಳಿ ಮರಳಿನ ಚೀಲ ಇರುತ್ತದೆ. ಗ್ರೀನ್ ಮೇಲೆ ಎತ್ತರದಿಂದ ಚೆಂಡು ಬಿದ್ದು ಗುಳಿಯಾಗಿದ್ದರೆ ಚಿಕ್ಕ ಕವಲುಗೋಲಿನಿಂದ ಅಂಚಿನ ಹುಲ್ಲನ್ನು ನಡುವಿಗೆ ದೂಡಬೇಕೇ ಹೊರತು ಅಡಿಯಿಂದ ಮೀಟಿ ಎತ್ತಬಾರದು. ಎತ್ತಿದರೆ ಬೇರು ಹರಿದು ಆ ಜಾಗ ಒಣಗುತ್ತದೆ. ಮರಳಿನ ಗುಂಡಿಯಾದ ಬಂಕರಿಗೆ ತಗ್ಗಿನ ಕಡೆಯಿಂದ ಇಳಿಯಿರಿ, ಇಳಿದ ದಾರಿಯಲ್ಲೇ ಹತ್ತಿ, ನಿಮ್ಮ ಹೆಜ್ಜೆಗುರುತುಗಳನ್ನು ಅಲ್ಲಿರುವ ಕುಂಟೆಯಿಂದ ಅಳಿಸಿ. ಕ್ಯಾಡಿ ಮಾಡುತ್ತಾನೆ ಎಂದು ಬಿಡುವವರಿದ್ದಾರೆ. ಮಾಡುತ್ತೇವೆ, ನಿಜ. ಆದರೆ ತಾವೇ ಕುಂಟೆ ಹಿಡಿದ ಅತಿಥಿಯನ್ನು ನಾವು ನೆನಪಿಟ್ಟುಕೊಳ್ಳುತ್ತೇವೆ.

ಗ್ರೀನ್ ಮೇಲೆ ಇನ್ನೊಬ್ಬರ ಚೆಂಡಿಗೂ ಕುಳಿಗೂ ನಡುವಿನ ದಾರಿಯನ್ನು ತುಳಿಯಬಾರದು, ಆ ದಾರಿಯ ಮೇಲೆ ನಿಮ್ಮ ನೆರಳೂ ಬೀಳಬಾರದು. ಕುಳಿಯ ಅಗಲ ಕೇವಲ 108 ಮಿಲಿಮೀಟರ್. ಅದರ ಅಂಚಿಗೆ ಕಾಲು ತಗುಲಿ ಮುರುಕಾದರೆ ಅಂದು ಆಡುವ ಎಲ್ಲರ ಆಟವೂ ಕೆಡುತ್ತದೆ.

ಕೊನೆಯದು ಸಮಯ. ಒಂದು ಟೀಯಿಂದ ಅದರ ಕುಳಿಯವರೆಗಿನ ಆಟ ಒಂದು ಹೋಲ್. ನಾಲ್ವರು ಇಂಥ 18 ಹೋಲ್ ಮುಗಿಸಲು ನಾಲ್ಕರಿಂದ ನಾಲ್ಕೂವರೆ ಗಂಟೆ ಹಿಡಿಯುತ್ತದೆ. ಕಳೆದುಹೋದ ಚೆಂಡನ್ನು ಹುಡುಕಲು ಮೊದಲು ಐದು ನಿಮಿಷ ಕೊಡುತ್ತಿದ್ದರು, 2019ರ ನಿಯಮಗಳಲ್ಲಿ ಅದನ್ನು ಮೂರಕ್ಕೆ ಇಳಿಸಿದರು. ಒಂದು ಹೊಡೆತಕ್ಕೆ 40 ಸೆಕೆಂಡಿಗಿಂತ ಹೆಚ್ಚು ಬೇಡವೆಂಬ ಸಲಹೆಯೂ ಅದರಲ್ಲಿಯೇ ಇದೆ. ಹೊಸಬರು ಕೆಟ್ಟದಾಗಿ ಆಡಿದರೆ ಯಾರಿಗೂ ಬೇಸರವಿಲ್ಲ. ನಿಧಾನವಾಗಿ ಆಡಿದರೆ ಮಾತ್ರ ಹಿಂದಿನ ಗುಂಪಿನ ಶಾಪ ಕ್ಯಾಡಿಯ ಕಿವಿಗೂ ಬೀಳುತ್ತದೆ. ಒಂದು ಹೋಲಿನಲ್ಲಿ ಎಂಟು ಹತ್ತು ಹೊಡೆತ ಮೀರಿದರೆ ನಗುತ್ತಾ ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡು ಮುಂದಿನ ಹೋಲಿಗೆ ನಡೆಯಿರಿ.

ಮಲ್ಲೇಶ್ವರದ ಆಟಗಾರ್ತಿ (ಮಂಗಳವಾರ ಮಧ್ಯಾಹ್ನ)

ಹೈಗ್ರೌಂಡ್ಸ್ ಸರ್ ಅವರು ಹೆಂಗಸರ ಉಡುಪಿನ ಬಗ್ಗೆ ಬರೆಯಲಿಲ್ಲ. ಈ ಪ್ರಶ್ನೆಗೆ ಅದು ಬೇಕಾಗಿಯೂ ಇರಲಿಲ್ಲ, ಆದರೂ ಮುಂದೆ ಇದನ್ನು ಓದುವ ಹೆಣ್ಣುಮಕ್ಕಳಿಗಾಗಿ ನಾಲ್ಕು ಸಾಲು ಸೇರಿಸುತ್ತೇನೆ. ಕಾಲರ್ ಇದ್ದರೆ ತೋಳಿಲ್ಲದ ಮೇಲಂಗಿಯೂ, ಕಾಲರ್ ಇಲ್ಲದಿದ್ದರೆ ತೋಳಿರುವ ಮೇಲಂಗಿಯೂ ಸಾಮಾನ್ಯವಾಗಿ ನಡೆಯುತ್ತದೆ. ಪ್ಯಾಂಟು, ಸ್ಕರ್ಟ್, ಒಳಗೆ ಚಡ್ಡಿ ಹೊಲಿದಿರುವ ಸ್ಕೋರ್ಟ್ ಇವಕ್ಕೆ ತೊಂದರೆಯಿಲ್ಲ. ಬರಿಯ ಲೆಗ್ಗಿಂಗ್ಸ್ ತೊಟ್ಟು ಹೋಗಬೇಡಿ. 2017ರಲ್ಲಿ ಅಮೆರಿಕದ ಮಹಿಳಾ ವೃತ್ತಿಪರ ಗಾಲ್ಫ್ ಸಂಸ್ಥೆಯು ತನ್ನ ಆಟಗಾರ್ತಿಯರ ಕತ್ತಿನ ಇಳಿತ, ಸ್ಕರ್ಟಿನ ಉದ್ದ ಮತ್ತು ಲೆಗ್ಗಿಂಗ್ಸ್ ಕುರಿತು ಕಟ್ಟುನಿಟ್ಟು ಮಾಡಿ, ತಪ್ಪಿದರೆ 1000 ಡಾಲರ್ ದಂಡವೆಂದಾಗ ಜಗತ್ತಿನಾದ್ಯಂತ ಟೀಕೆ ಬಂತು. ಆದರೆ ಖಾಸಗಿ ಕ್ಲಬ್ಬುಗಳ ಫಲಕಗಳಲ್ಲಿ ಆ ಮಾತುಗಳು ಅದಕ್ಕೂ ಮೊದಲೇ ಇದ್ದವು.

ಈಗ ಪಂಚೆಯ ವಿಷಯ. ನಮ್ಮ ಅತ್ತೆಯವರು ಇಳಕಲ್ ಸೀರೆಯುಟ್ಟು ನನ್ನೊಡನೆ ಕ್ಲಬ್‌ಹೌಸಿನಲ್ಲಿ ಎಷ್ಟೋ ಸಲ ಊಟ ಮಾಡಿದ್ದಾರೆ. ಸೀರೆಗೆ ಯಾವ ಕ್ಲಬ್ಬಿನ ಯಾವ ಕಾರ್ಯದರ್ಶಿಯೂ ತಡೆ ಹೇಳಿದ್ದನ್ನು ನಾನು ಕೇಳಿಲ್ಲ. ಕ್ಲಬ್ಬಿನ ನಿಯಮಗಳಲ್ಲಿರುವ ರಾಷ್ಟ್ರೀಯ ಉಡುಪು ಎಂಬ ಮಾತಿನಲ್ಲಿ ಅದು ತಾನಾಗಿಯೇ ಅಡಗಿದೆ. ಹಾಗಿರುವಾಗ ಅವರ ಪಕ್ಕದಲ್ಲಿ ಅದೇ ಗೌರವದಿಂದ ಜರಿಯಂಚಿನ ಪಂಚೆಯುಟ್ಟು ಬಂದ ಮಾವನವರಿಗೆ "ಬರೆದಿಲ್ಲ" ಎಂಬ ಉತ್ತರ ಏಕೆ? ಸೀರೆಯ ಹೆಸರನ್ನೂ ಎಲ್ಲ ಕಡೆ ಬರೆದಿರುವುದಿಲ್ಲವಲ್ಲ.

ಧಾರವಾಡದ ವಕೀಲ (ಮಂಗಳವಾರ ಸಂಜೆ)

ಮೇಡಂ ಅವರ ಪ್ರಶ್ನೆಗೆ ಕಾನೂನಿನ ಒಂದು ಹಿನ್ನೆಲೆ ಇದೆ. 2014ರ ಜುಲೈನಲ್ಲಿ ಚೆನ್ನೈಯ ಕ್ರಿಕೆಟ್ ಸಂಸ್ಥೆಯ ಕ್ಲಬ್ಬಿನಲ್ಲಿ ನಡೆದ ಪುಸ್ತಕ ಬಿಡುಗಡೆಗೆ ತಮಿಳರ ಪಂಚೆಯಾದ ವೇಷ್ಟಿ ಉಟ್ಟು ಹೋದ ಮದ್ರಾಸ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರನ್ನು ಒಳಗೆ ಬಿಡಲಿಲ್ಲ. ವಿಧಾನಸಭೆಯಲ್ಲಿ ಗದ್ದಲವಾಗಿ, ಅದೇ ವರ್ಷ ತಮಿಳುನಾಡು ಒಂದು ಕಾಯಿದೆಯನ್ನೇ ತಂದಿತು. ಅದರಂತೆ ಅಲ್ಲಿನ ಮನರಂಜನಾ ಕ್ಲಬ್ಬುಗಳು ವೇಷ್ಟಿ ಉಟ್ಟವರನ್ನು ಉಡುಪಿನ ಕಾರಣಕ್ಕೆ ತಡೆಯುವಂತಿಲ್ಲ. ತಡೆದರೆ ಪರವಾನಗಿ ರದ್ದಾಗಬಹುದು, ಜೈಲು ಮತ್ತು ದಂಡ ಎರಡೂ ಇವೆ. ಆ ಕಾಯಿದೆ ತಮಿಳುನಾಡಿಗೆ ಸೀಮಿತವಾದುದು, ಕರ್ನಾಟಕದ ಕ್ಲಬ್ಬಿನೆದುರು ಅದನ್ನು ಹಿಡಿದು ವಾದಿಸಲಾಗದು.

ನಮ್ಮಲ್ಲಿ 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದರಲ್ಲಿ ಪಂಚೆಯುಟ್ಟ ರೈತರೊಬ್ಬರನ್ನು ತಡೆದದ್ದನ್ನೂ, ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲಿ ಹೇಳಿದ್ದನ್ನೂ ಎಲ್ಲರೂ ಓದಿದ್ದೀರಿ. ಆದರೆ ಮಾಲಿಗೂ ಸದಸ್ಯರ ಕ್ಲಬ್ಬಿಗೂ ವ್ಯತ್ಯಾಸವಿದೆ: ಮಾಲು ದಾರಿಹೋಕರೆಲ್ಲರನ್ನೂ ಕರೆಯುವ ಜಾಗ, ಕ್ಲಬ್ಬು ತನ್ನ ಸದಸ್ಯರ ಮನೆಯಿದ್ದಂತೆ. ಕ್ಲಬ್ಬಿನ ಸದಸ್ಯರೇ ಮತ ಹಾಕಿ ನಿಯಮ ತಿದ್ದಿಕೊಂಡರೆ ಮಾತ್ರ ಅಲ್ಲಿ ನೆಮ್ಮದಿಯ ಬದಲಾವಣೆ ಸಾಧ್ಯ.

ಗಾಲ್ಫ್ ಇರುವ ಕ್ಲಬ್ಬುಗಳಲ್ಲಿಯೇ ನಡೆದ ಎರಡು ಪ್ರಸಂಗಗಳನ್ನು ನೆನಪಿಸುತ್ತೇನೆ. ಬರಿಗಾಲಿನಲ್ಲಿಯೇ ಓಡಾಡುತ್ತಿದ್ದ ಕಲಾವಿದ ಎಂ.ಎಫ್. ಹುಸೇನ್ ಅವರನ್ನು 1988ರಲ್ಲಿ ಮುಂಬಯಿಯ ವಿಲ್ಲಿಂಗ್ಡನ್ ಕ್ಲಬ್ಬಿನಲ್ಲಿ ಪಾದರಕ್ಷೆಯಿಲ್ಲವೆಂದು ಹೊರಗೆ ಕಳುಹಿಸಿದರು. 2017ರ ಜೂನಿನಲ್ಲಿ ದೆಹಲಿ ಗಾಲ್ಫ್ ಕ್ಲಬ್ಬಿಗೆ ಸದಸ್ಯರೊಬ್ಬರ ಅತಿಥಿಗಳ ಜೊತೆ ಬಂದಿದ್ದ ಮೇಘಾಲಯದ ಖಾಸಿ ಮಹಿಳೆಯೊಬ್ಬರನ್ನು, ಅವರು ಉಟ್ಟಿದ್ದ ಸಾಂಪ್ರದಾಯಿಕ ಜೈನ್‌ಸೆಮ್ ಉಡುಪು ಮನೆಗೆಲಸದವರ ಸಮವಸ್ತ್ರದಂತಿದೆಯೆಂದು ಊಟದ ಮೇಜಿನಿಂದ ಎಬ್ಬಿಸಿದ್ದು ದೇಶವೆಲ್ಲ ಸುದ್ದಿಯಾಯಿತು. ಮೊದಲನೆಯದರಲ್ಲಿ ನಿಯಮ ಇತ್ತು, ಕಠಿಣವಾಗಿ ಪಾಲಿಸಿದರು. ಎರಡನೆಯದು ನಿಯಮದ ಮಾತೇ ಅಲ್ಲ, ಮನುಷ್ಯರನ್ನು ಬಟ್ಟೆಯಿಂದ ಅಳೆದದ್ದು. ಪ್ರಶ್ನೆ ಕೇಳಿದವರು ಹೆದರುತ್ತಿರುವುದು ಈ ಎರಡನೆಯದಕ್ಕೆ ಎಂದು ನನ್ನ ಅನಿಸಿಕೆ.

ಹೈಗ್ರೌಂಡ್ಸ್ ವಾಸಿ (ಮಂಗಳವಾರ ರಾತ್ರಿ)

ನನ್ನ ಮಾತು ಒರಟಾಗಿ ಕೇಳಿಸಿದ್ದರೆ ಕ್ಷಮೆಯಿರಲಿ. ನಾನು ರೂಢಿಯನ್ನು ಹೇಳಿದೆ, ಸಮರ್ಥಿಸಲಿಲ್ಲ. ಆದರೂ ಒಂದು ವಾದವನ್ನು ಮುಂದಿಡುತ್ತೇನೆ. ಈ ಕ್ಲಬ್ಬುಗಳು ಹುಟ್ಟಿದ್ದೇ ಬ್ರಿಟಿಷರ ಕೈಯಲ್ಲಿ. ಕಲ್ಕತ್ತದ ರಾಯಲ್ ಕ್ಲಬ್ಬು 1829ರದು, ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ಬು 1876ರದು. ಉಡುಪಿನ ನಿಯಮವೂ ಅಲ್ಲಿಂದಲೇ ಬಂದದ್ದು. ಅದನ್ನು ಒಂದೆಡೆ ಸಡಿಲಿಸಿದರೆ ಇನ್ನೊಂದೆಡೆ ಬರ್ಮುಡಾ ಚಡ್ಡಿ, ಹವಾಯಿ ಚಪ್ಪಲಿಗಳೂ ಹಕ್ಕಿನ ಮಾತೆತ್ತುತ್ತವೆ ಎಂಬ ಅಂಜಿಕೆ ಸಮಿತಿಗಳಲ್ಲಿ ಇರುವುದು ಸುಳ್ಳಲ್ಲ. ಅಡ್ಡಪಂಚೆಯನ್ನು ಮಂಡಿಗೆ ಎತ್ತಿ ಕಟ್ಟಿಕೊಂಡು ಊಟದ ಕೋಣೆಗೆ ಬರುವವರನ್ನು ಏನೆಂದು ತಡೆಯುವುದು?

ಮಲ್ಲೇಶ್ವರದ ಆಟಗಾರ್ತಿ (ಮಂಗಳವಾರ ರಾತ್ರಿ)

"ಪಂಚೆಯನ್ನು ಪಾದದವರೆಗೆ ಇಳಿಬಿಟ್ಟಿರಬೇಕು" ಎಂದು ಒಂದು ಸಾಲು ಬರೆದರಾಯಿತು ಸರ್. ಶಾರ್ಟ್ಸ್ ಮಂಡಿಯಿಂದ ಎಷ್ಟು ಇಂಚು ಮೇಲಿರಬಹುದೆಂದು ಬರೆಯಲು ಬರುವ ಸಮಿತಿಗೆ ಇದು ಕಷ್ಟವೇ?

ಲಂಡನ್ನಿನಿಂದ ಒಬ್ಬ ಕನ್ನಡಿಗ (ಬುಧವಾರ ಬೆಳಗ್ಗೆ)

ಬ್ರಿಟಿಷರ ರೂಢಿಯ ಮಾತು ಬಂದುದರಿಂದ ಇಲ್ಲಿನ ಸ್ಥಿತಿಯನ್ನು ಹೇಳುವುದು ಉಚಿತವೆನಿಸಿತು. ನನ್ನ ಮನೆಗೆ ಹತ್ತಿರವಿರುವ ವಿಂಬಲ್ಡನ್ ಕಾಮನ್ ಸಾರ್ವಜನಿಕ ಬಯಲು. ಅಲ್ಲಿ ಗಾಲ್ಫ್ ಆಡುವವರು ಇಂದಿಗೂ ಅಂಚೆಪೆಟ್ಟಿಗೆಯಂಥ ಕೆಂಪು ಮೇಲಂಗಿ ತೊಡಲೇಬೇಕು. ನಾಯಿ ಹಿಡಿದು ನಡೆಯುವವರಿಗೆ, ಕುದುರೆ ಸವಾರರಿಗೆ "ಇಲ್ಲಿ ಚೆಂಡು ಹಾರಬಹುದು" ಎಂದು ದೂರದಿಂದಲೇ ತಿಳಿಯಲಿ ಎಂಬುದು ಅದರ ಕಾರಣ. ಗಾಲ್ಫಿನ ಹಳೆಯ ಉಡುಪಿನ ನಿಯಮಗಳಲ್ಲಿ ಒಂದಾದ ಇದು ಅಂತಸ್ತಿನಿಂದಲ್ಲ, ಸುರಕ್ಷತೆಯಿಂದ ಹುಟ್ಟಿದ್ದು.

ಎರಡು ವರ್ಷಗಳ ಹಿಂದೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ಗೆ ಹೋಗಿದ್ದೆ. ಗಾಲ್ಫಿನ ತವರು ಎನಿಸಿಕೊಂಡ ಅಲ್ಲಿನ ಓಲ್ಡ್ ಕೋರ್ಸ್ ಖಾಸಗಿಯಲ್ಲ, ಸಾರ್ವಜನಿಕ ಸೊತ್ತು. ಭಾನುವಾರ ಸಾಮಾನ್ಯವಾಗಿ ಆಟ ಇರುವುದಿಲ್ಲ. ಊರಿನವರು ಮಕ್ಕಳು ಮರಿಗಳೊಡನೆ ಅದರ ಮೇಲೆ ಅಡ್ಡಾಡುತ್ತಾರೆ, ನಾನೂ ಜೀನ್ಸ್ ತೊಟ್ಟೇ ಅಡ್ಡಾಡಿದೆ. ಅದೇ ನಾಡಿನ ಮ್ಯೂರ್‌ಫೀಲ್ಡ್‌ನಂಥ ಖಾಸಗಿ ಕ್ಲಬ್ಬಿನ ಊಟದ ಕೋಣೆ ಕೋಟು ಮತ್ತು ಟೈಗೆ ಹೆಸರಾದದ್ದು. ಆ ಕ್ಲಬ್ಬು ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಮತ ಹಾಕಿದ್ದು 2017ರಲ್ಲಿ. ಅಮೆರಿಕದ ಅಗಸ್ಟಾ ಕ್ಲಬ್ಬು 2012ರಲ್ಲಿ, ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ ಕ್ಲಬ್ಬು 2014ರಲ್ಲಿ ಹೆಂಗಸರಿಗೆ ಬಾಗಿಲು ತೆರೆದಿದ್ದವು. ಮೂಲದವರೇ ಇಷ್ಟು ಬದಲಾಗಿರುವಾಗ ಬೆಂಗಳೂರಿನವರು ಅವರ ಹೆಸರಿನಲ್ಲಿ ಪಂಚೆಯನ್ನು ತಡೆಯುವುದು ತಮಾಷೆಯಾಗಿ ಕಾಣುತ್ತದೆ.

ಡಿವಟ್ ಬಗ್ಗೆ ಚೀಲ ಹೊತ್ತವರು ಬರೆದದ್ದನ್ನು ಓದಿ ಒಂದು ಸಂದೇಹ ಬಗೆಹರಿಯಿತು. ಇಲ್ಲಿನ ತಂಪು ಹವೆಯ ಹುಲ್ಲಿನಲ್ಲಿ ಕಿತ್ತುಬಂದ ಹೆಪ್ಪನ್ನೇ ಎತ್ತಿ ತಂದು ಗಾಯದ ಮೇಲೆ ಕೂರಿಸಿ ತುಳಿಯಬೇಕು. ಊರಿಗೆ ಬಂದಾಗ ಹಾಗೆಯೇ ಮಾಡಲು ಹೋಗಿ ಕ್ಯಾಡಿಯಿಂದ ನಗೆಪಾಟಲಿಗೀಡಾಗಿದ್ದೆ.

ಹೇಮಾವತಿ ದಂಡೆಯವನು (ಗುರುವಾರ ರಾತ್ರಿ)

ಎಲ್ಲರಿಗೂ ಧನ್ಯವಾದಗಳು. ಹೈಗ್ರೌಂಡ್ಸ್ ಸರ್ ಅವರ ಸಲಹೆಯಂತೆ ನಮ್ಮ ಗುರುಗಳಿಗೇ ಫೋನ್ ಮಾಡಿ, ತಂದೆಯವರು ಪಂಚೆಯಲ್ಲಿ ಬರುತ್ತಾರೆ, ತೊಂದರೆಯಾಗುವುದಾದರೆ ತಿಂಡಿಗೆ ಬೇರೆಲ್ಲಾದರೂ ಹೋಗೋಣ ಎಂದು ನೇರವಾಗಿ ಹೇಳಿದೆ. ಅರ್ಧ ಗಂಟೆಯೊಳಗೆ ಅವರೇ ತಿರುಗಿ ಕರೆ ಮಾಡಿದರು. ಕಾರ್ಯದರ್ಶಿಯವರೊಡನೆ ಮಾತನಾಡಿದ್ದಾರೆ, ಪಂಚೆಗೆ ಅಡ್ಡಿಯಿಲ್ಲ, ಆದರೆ ಕಾಲಿಗೆ ಹಿಮ್ಮಡಿಪಟ್ಟಿ ಇರುವ ಸ್ಯಾಂಡಲ್ ಅಥವಾ ಬೂಟು ಇರಬೇಕು ಎಂದಿದ್ದಾರಂತೆ. ತಂದೆಯವರು ಇದಕ್ಕೆ ಸುಲಭವಾಗಿ ಒಪ್ಪಿದರು. ಹಳೆಯ ಚಪ್ಪಲಿಯ ಉಂಗುಷ್ಠ ಹೇಗೂ ಕಿತ್ತುಹೋಗುವುದರಲ್ಲಿತ್ತು, ಹೊಸದೊಂದು ಬೇಕೇ ಇತ್ತು ಎಂದರು.

ಇನ್ನೊಂದು ಸಂದೇಹ: ಹಣದ ವಿಷಯ ಹೇಗೆ? ಅತಿಥಿ ಶುಲ್ಕ, ತಿಂಡಿ, ಕ್ಯಾಡಿಯ ಕೂಲಿ ಎಲ್ಲವನ್ನೂ ಅವರೇ ಕೊಟ್ಟರೆ ನನಗೆ ಮುಜುಗರ.

ಚೀಲ ಹೊತ್ತವನು (ಗುರುವಾರ ರಾತ್ರಿ)

ಅತಿಥಿ ಶುಲ್ಕವೂ ತಿಂಡಿಯೂ ಸದಸ್ಯರ ಲೆಕ್ಕಕ್ಕೇ ಹೋಗುತ್ತವೆ. ಅನೇಕ ಕ್ಲಬ್ಬುಗಳಲ್ಲಿ ಅತಿಥಿಯ ಕೈಯಿಂದ ನಗದು ತೆಗೆದುಕೊಳ್ಳುವುದೇ ಇಲ್ಲ. ಮೇಜಿನ ಬಳಿ ಪರ್ಸು ತೆಗೆದು ಎಳೆದಾಡಬೇಡಿ, ಅವರು ಚಿಟ್ಟಿಗೆ ಸಹಿ ಹಾಕುವಾಗ ಸುಮ್ಮನಿರಿ. ಮೂರು ಚೆಂಡುಗಳ ಒಂದು ಪೆಟ್ಟಿಗೆ ತೆಗೆದುಕೊಂಡು ಹೋಗಿ ಕೊಟ್ಟರೆ ಗಾಲ್ಫ್ ಆಡುವವರಿಗೆ ಅದಕ್ಕಿಂತ ಹಿತವಾದ ಉಡುಗೊರೆಯಿಲ್ಲ. ನಿಮ್ಮ ಕ್ಯಾಡಿಯ ಕೂಲಿ ಮಾತ್ರ ನೀವು ಕೊಡಲು ಮುಂದಾಗಬಹುದು. ಮೊತ್ತವನ್ನು ಕ್ಲಬ್ಬು ಗೊತ್ತುಮಾಡಿರುತ್ತದೆ, ಆಟಕ್ಕೆ ಮೊದಲೇ ನಿಮ್ಮ ಗುರುಗಳಲ್ಲಿ ಕೇಳಿಟ್ಟುಕೊಳ್ಳಿ. ಅದರ ಮೇಲೆ ಕೊಡುವ ಭಕ್ಷೀಸು ನಿಮಗೆ ಬಿಟ್ಟದ್ದು. ಆದರೆ ಅಲ್ಲಿನ ರೂಢಿಗಿಂತ ತೀರಾ ಹೆಚ್ಚು ಕೊಟ್ಟು ಮೆರೆಯಬೇಡಿ, ಮರುದಿನ ಅದರ ಬಿಸಿ ತಟ್ಟುವುದು ಸದಸ್ಯರಿಗೆ. ಇನ್ನೊಂದು ಮಾತು. ಕ್ಯಾಡಿಯ ಹೆಸರು ಕೇಳಿ, ಹೆಸರು ಹಿಡಿದು ಕರೆಯಿರಿ.

ಹೇಮಾವತಿ ದಂಡೆಯವನು (ಭಾನುವಾರ ಸಂಜೆ)

ಹೋಗಿಬಂದೆವು. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಗೇಟಿನಲ್ಲಿ ತಂದೆಯವರ ಹೆಸರು ಮೊದಲೇ ಬರೆದಿತ್ತು. ಕಾವಲಿನವರು ನಮಸ್ಕಾರ ಮಾಡಿ ಬಾಗಿಲು ತೆರೆದರು. ನಾನು ನಿಟ್ಟುಸಿರು ಬಿಟ್ಟು ಮೊದಲ ಟೀ ಬಳಿಗೆ ಹೋದರೆ ಅಲ್ಲಿ ತಡೆದದ್ದು ನನ್ನನ್ನು. ಕಾಲರ್ ಇತ್ತು, ಇನ್‌ಶರ್ಟ್ ಮಾಡಿದ್ದೆ, ಬೂಟು ಸರಿಯಿತ್ತು. ಆದರೆ ನಾನು ಸೈಟಿಗೆ ಹಾಕಿಕೊಂಡು ಹೋಗುವ, ತೊಡೆಯ ಎರಡೂ ಬದಿಗೆ ಚೀಲದಂಥ ಜೇಬುಗಳಿರುವ ಕಾರ್ಗೋ ಪ್ಯಾಂಟನ್ನೇ ಹತ್ತಿಬಟ್ಟೆಯದೆಂಬ ಧೈರ್ಯದಿಂದ ತೊಟ್ಟಿದ್ದೆ. ಆಟಗಾರರನ್ನು ಸರದಿಯಂತೆ ಬಿಡುವ ಸ್ಟಾರ್ಟರ್ ಬಹಳ ಮೃದುವಾಗಿ, ಬೇರೆಯವರಿಗೆ ಕೇಳಿಸದಂತೆ, "ಸರ್, ಈ ಜೇಬುಗಳಿಗೆ ಇಲ್ಲಿ ಅನುಮತಿ ಇಲ್ಲ" ಎಂದರು. ನಮ್ಮ ಗುರುಗಳು ತಮ್ಮ ಲಾಕರಿನಲ್ಲಿದ್ದ ಪ್ಯಾಂಟೊಂದನ್ನು ಕೊಟ್ಟರು. ಅವರ ಸೊಂಟ ನನಗಿಂತ ನಾಲ್ಕು ಇಂಚು ಅಗಲ. ಬೆಲ್ಟು ಬಿಗಿದು, ಮುಂಭಾಗದಲ್ಲಿ ಮಡಿಕೆ ಹಾಕಿಕೊಂಡು 18 ಹೋಲ್ ಆಡಿದೆ. ನೆರಿಗೆ ಹಿಡಿಯುವುದನ್ನು ನನ್ನನ್ನು ಕೇಳಿದ್ದರೆ ಸರಿಯಾಗಿ ತೋರಿಸುತ್ತಿದ್ದೆ ಎಂದು ತಂದೆಯವರು ಮನೆಗೆ ಬರುವ ದಾರಿಯಲ್ಲಿ ಎರಡು ಸಲ ಹೇಳಿದರು.

ಆಟ ಹೇಗಾಯಿತೆಂದು ಕೇಳಬೇಡಿ. ನಾಲ್ಕು ಹೋಲುಗಳಲ್ಲಿ ಚೆಂಡು ಎತ್ತಿ ಜೇಬಿಗೆ ಹಾಕಿಕೊಂಡೆ. ಒಂದು ಸಲ ಪಕ್ಕದ ಹೋಲಿನ ಹುಲ್ಲುಹಾದಿಯಾದ ಫೇರ್‌ವೇಗೆ ಚೆಂಡು ಹಾರಿದಾಗ, ಚೀಲ ಹೊತ್ತವರ ಮಾತು ನೆನಪಾಗಿ, ಮರದ ಮೇಲಿನ ಹದ್ದು ಏಳುವಂತೆ ಕೂಗಿದೆ. ಆ ಕಡೆಯವರು ತಲೆ ಮುಚ್ಚಿಕೊಂಡು ಬಗ್ಗಿದರು, ಆಮೇಲೆ ಕೈಯೆತ್ತಿ ಪರವಾಗಿಲ್ಲವೆಂದರು.

ತಂದೆಯವರು ನಾಲ್ಕು ಹೋಲುಗಳವರೆಗೆ ನಮ್ಮೊಡನೆ ನಡೆದರು. ಎಲ್ಲಿ ನಿಲ್ಲಬೇಕೆಂದು ಒಮ್ಮೆ ಹೇಳಿದ್ದೆ, ಎರಡನೆಯ ಸಲ ಹೇಳಬೇಕಾಗಲಿಲ್ಲ. ಹೂಡಿದ ಎತ್ತು ತಿರುಗುವಾಗ ಎಲ್ಲಿ ನಿಲ್ಲಬಾರದೆಂದು ಬಲ್ಲವರಿಗೆ ಅದು ಹೊಸದಲ್ಲ. ಮೂರನೆಯ ಗ್ರೀನಿನ ಅಂಚಿನಲ್ಲಿ ಮಾತ್ರ ಕುಕ್ಕರಗಾಲಿನಲ್ಲಿ ಕುಳಿತು ಹುಲ್ಲನ್ನು ಬೆರಳಿನಿಂದ ಬಿಡಿಸಿ ನೋಡಿ, "ಇದು ಗರಿಕೆ ಕಣೋ" ಎಂದರು. ಕ್ಯಾಡಿ ಹೌದೆಂದ. ಬರ್ಮುಡಾ ಎಂದು ಇವರು ಕರೆಯುವುದು ನಮ್ಮ ಗರಿಕೆಯ ಕುಲದ್ದೇ, ಇನ್ನಷ್ಟು ಕುಳ್ಳಗೆ ಬೆಳೆಸಿದ್ದು. "ಗದ್ದೆಯಿಂದ ಇದನ್ನ ಕಿತ್ತು ಕಿತ್ತು ನನ್ನ ಬೆನ್ನೇ ಬಗ್ಗೋಯ್ತು, ಇವರು ನೀರು ಹಾಕಿ ಸಾಕ್ತಾ ಅವ್ರಲ್ಲ" ಎಂದು ತಂದೆಯವರು ನಕ್ಕಾಗ ನಮ್ಮ ಗುರುಗಳು ಚೆಂಡನ್ನು ಕುಳಿಯ ಕಡೆಗೆ ಉರುಳಿಸುವ ಪಟರ್ ಕೋಲನ್ನು ಊರಿಕೊಂಡು ನಿಂತು ನಕ್ಕರು. ಅವರ ಪಟ್ ತಪ್ಪಿತು.

ತಿಂಡಿಯ ಹೊತ್ತಿನಲ್ಲಿ ಒಂದು ಮೇಜಿನವರು ತಿರುಗಿ ನೋಡಿದ್ದು ನಿಜ. ಅದನ್ನು ಮುಚ್ಚಿಡುವುದಿಲ್ಲ. ತಂದೆಯವರು ಗಮನಿಸಿದರೋ ಇಲ್ಲವೋ ತಿಳಿಯದು. ಇಡ್ಲಿ ಗಟ್ಟಿಯಾಗಿದೆ ಎಂದಷ್ಟೇ ಹೇಳಿದರು. ಹೊರಡುವಾಗ ಗುರುಗಳನ್ನು ಊರಿನ ಜಾತ್ರೆಗೆ ಕರೆದಿದ್ದಾರೆ. ನಮ್ಮ ಗುಡಿಯಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು, ಅದನ್ನು ಅವರಿಗೆ ಈಗಲೇ ತಿಳಿಸಿಡು ಎಂದು ರಾತ್ರಿ ನನಗೆ ನೆನಪಿಸಿದರು.

ಚೀಲ ಹೊತ್ತವನು (ಭಾನುವಾರ ರಾತ್ರಿ)

ಕಾರ್ಗೋ ಪ್ಯಾಂಟಿನ ಮಾತು ನನಗೆ ಹೊಳೆಯಲೇ ಇಲ್ಲ, ತಪ್ಪು ನನ್ನದು. ಆರು ಜೇಬಿನ ಪ್ಯಾಂಟು ಹಾಕಿ ಬಂದ ಎಷ್ಟು ಜನರಿಗೆ ನಾನೇ ಹೇಳಿದ್ದೆನೋ ಲೆಕ್ಕವಿಲ್ಲ.

ಹೈಗ್ರೌಂಡ್ಸ್ ವಾಸಿ (ಭಾನುವಾರ ರಾತ್ರಿ)

ನಾನೂ ಬಿಟ್ಟೆ, ಹತ್ತಿಬಟ್ಟೆಯ ಪ್ಯಾಂಟು ಎಂದು ಹೇಳಿ ದಾರಿ ತಪ್ಪಿಸಿದವನೂ ನಾನೇ. ಈ ಚರ್ಚೆಯ ನಂತರ ನಮ್ಮ ಕ್ಲಬ್ಬಿನ ಉಪನಿಯಮಗಳನ್ನು ತೆಗೆದು ಓದಿದೆ. ರಾಷ್ಟ್ರೀಯ ಉಡುಪು ಎಂದಷ್ಟೇ ಇದೆ. ಸೀರೆಯ ಹೆಸರೂ ಇಲ್ಲ, ಪಂಚೆಯ ಹೆಸರೂ ಇಲ್ಲ. ಕುರ್ತಾದ ಹೆಸರೂ ಇಲ್ಲ. ಇಷ್ಟು ವರ್ಷ ನಾವೇ ಒಂದನ್ನು ಒಳಗೆ, ಇನ್ನೊಂದನ್ನು ಹೊರಗೆ ಎಂದು ಓದಿಕೊಂಡಿದ್ದೆವು. ಪಂಚೆಯನ್ನು ಹೆಸರಿಸಿ, ಮೇಡಂ ಹೇಳಿದ ಸಾಲನ್ನೂ ಸೇರಿಸಿ, ಮುಂದಿನ ವಾರ್ಷಿಕ ಸಭೆಗೆ ತಿದ್ದುಪಡಿಯ ಪತ್ರ ಬರೆದಿದ್ದೇನೆ. ಅನುಮೋದಿಸಲು ಇನ್ನೊಬ್ಬ ಸದಸ್ಯರ ಸಹಿ ಬೇಕಾಗಿದೆ.

ಮಲ್ಲೇಶ್ವರದ ಆಟಗಾರ್ತಿ (ಭಾನುವಾರ ರಾತ್ರಿ)

ಯಾವ ಕ್ಲಬ್ಬೆಂದು ನನಗೆ ಪ್ರತ್ಯೇಕವಾಗಿ ತಿಳಿಸಿ ಸರ್. ನಾನು ಊಹಿಸಿದ್ದೇ ಆಗಿದ್ದರೆ ಮಂಗಳವಾರ ಬೆಳಗ್ಗೆ ಒಂಬತ್ತನೆಯ ಹೋಲಿನ ಬಳಿ ಸಿಗುತ್ತೇನೆ, ಪತ್ರವನ್ನೂ ಪೆನ್ನನ್ನೂ ತನ್ನಿ.